ಸಾಗಿಸಬಲ್ಲ ಪ್ಲಾಸ್ಮಾ ಕಟಿಂಗ್ ಯಂತ್ರ: ರಚನೆ, ಸಾಗಣೆ ಮತ್ತು ಸುಲಭ ಜೋಡಣೆಗಾಗಿ ಮಾರ್ಪಾಡು

ವಿದ್ಯುತ್ ಚಾಪದಿಂದ ಕಾದು ಅಯಾನುಗೊಂಡ ಅನಿಲದ ಸಣ್ಣ ಧಾರೆಯಿಂದ ಲೋಹವನ್ನು ಕರಗಿಸಿ, ಕರಗಿದ್ದನ್ನು ಅದೇ ಧಾರೆಯ ರಭಸದಿಂದ ಊದಿ ಹೊರಹಾಕಿ ಕತ್ತರಿಸುವ ಉಪಕರಣ ಪ್ಲಾಸ್ಮಾ ಕಟಿಂಗ್ ಯಂತ್ರ. ಕಾರ್ಖಾನೆಯ ನೆಲಕ್ಕೆ ಬಿಗಿದ ದೊಡ್ಡ ಯಂತ್ರಕ್ಕೆ ಲೋಹವನ್ನು ಹೊತ್ತು ತರಬೇಕು. ಸಾಗಿಸಬಲ್ಲ ಯಂತ್ರ ಲೋಹವಿರುವಲ್ಲಿಗೆ ತಾನೇ ಹೋಗುತ್ತದೆ. ಕಟ್ಟಡದ ಉಕ್ಕಿನ ಚೌಕಟ್ಟು, ಸಕ್ಕರೆ ಕಾರ್ಖಾನೆಯ ಪೈಪು, ಟ್ರ್ಯಾಕ್ಟರ್ ಟ್ರೇಲರ್, ಕಬ್ಬಿಣದ ಗೇಟು ಮೊದಲಾದ ಕೆಲಸಗಳಲ್ಲಿ ಈ ಅನುಕೂಲಕ್ಕೆ ಬಹಳ ಬೆಲೆಯಿದೆ.

ಮಾರುಕಟ್ಟೆಯಲ್ಲಿ ‘ಪೋರ್ಟಬಲ್’ ಎಂಬ ಹೆಸರಿನಲ್ಲಿ ಸಿಗುವ ಯಂತ್ರಗಳೆಲ್ಲ ಸುಲಭವಾಗಿ ಸಾಗುವಂಥವಲ್ಲ. ವಿದ್ಯುತ್ ಪೆಟ್ಟಿಗೆ ಹಗುರವಾಗಿದ್ದರೂ ಅದಕ್ಕೆ ಕಂಪ್ರೆಸರ್, ಗಾಳಿಯ ಹೋಸ್, ಕೇಬಲ್, ಮೇಜು, ಹಳಿ, ನಿಯಂತ್ರಕ ಎಲ್ಲವೂ ಸೇರಬೇಕು. ಆದ್ದರಿಂದ ಬಳಸುವವರು ಯಂತ್ರಕ್ಕೆ ಚಕ್ರ ಹಾಕುವುದು, ಮೇಜನ್ನು ಮಡಚುವಂತೆ ಮಾಡುವುದು, ಕನೆಕ್ಟರ್ ಬದಲಿಸುವುದು ಮುಂತಾದ ಮಾರ್ಪಾಡುಗಳನ್ನು ಮಾಡಿಕೊಳ್ಳುತ್ತಾರೆ. ಇವುಗಳ ಯಶಸ್ಸನ್ನು ಕಿಲೋಗ್ರಾಂ ಲೆಕ್ಕದಿಂದ ಮಾತ್ರ ಅಳೆಯಲಾಗದು. ವಾಹನದಿಂದ ಇಳಿಸಿದ ಮೇಲೆ ಮೊದಲ ಸರಿಯಾದ ತುಂಡು ಕೈಗೆ ಬರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ನಿಜವಾದ ಅಳತೆ. ಹತ್ತು ಕಿಲೋ ತೂಕ ಕಡಿಮೆಯಾಗಿಯೂ ಪ್ರತಿ ಸಲ ಒಂದು ಗಂಟೆ ಮಟ್ಟ ಹಿಡಿಯಬೇಕಾದರೆ ಅಂಥ ಮಾರ್ಪಾಡಿನಿಂದ ಕೆಲಸಗಾರನಿಗೆ ಲಾಭವಿಲ್ಲ.

ಕೆಲಸ ಮಾಡುವ ಬಗೆ

ಟಾರ್ಚಿನ ಒಳಗೆ ನಡುವಿನಲ್ಲಿ ಎಲೆಕ್ಟ್ರೋಡ್, ಅದರ ಸುತ್ತ ತಾಮ್ರದ ನಾಜಲ್ ಇರುತ್ತವೆ. ಇವೆರಡರ ನಡುವೆ ಮೊದಲು ಪೈಲಟ್ ಆರ್ಕ್ ಎಂಬ ಸಣ್ಣ ಚಾಪ ಹೊತ್ತಿಕೊಳ್ಳುತ್ತದೆ. ಒತ್ತಡದಲ್ಲಿ ಬರುವ ಗಾಳಿ ಈ ಚಾಪದ ಮೂಲಕ ಹಾಯುವಾಗ ಅಯಾನುಗೊಂಡು ವಿದ್ಯುತ್ ವಾಹಕವಾಗುತ್ತದೆ. ಟಾರ್ಚನ್ನು ಲೋಹದ ಹತ್ತಿರ ತಂದೊಡನೆ ಚಾಪ ನಾಜಲನ್ನು ಬಿಟ್ಟು ಲೋಹಕ್ಕೆ ದಾಟುತ್ತದೆ. ಅರ್ಥ್ ಕ್ಲ್ಯಾಂಪಿನ ಮೂಲಕ ವಿದ್ಯುತ್ ಮಂಡಲ ಪೂರ್ಣಗೊಂಡು ಕತ್ತರಿಸುವ ಪೂರ್ಣ ಪ್ರವಾಹ ಹರಿಯುತ್ತದೆ. ನಾಜಲಿನ ಚಿಕ್ಕ ತೂತು ಚಾಪವನ್ನು ಹಿಂಡುವುದರಿಂದ ಅದರ ತಾಪ 20,000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ.

ಗ್ಯಾಸ್ ಕಟಿಂಗ್‌ನಲ್ಲಿ ಕಾದ ಕಬ್ಬಿಣ ಆಮ್ಲಜನಕದ ಧಾರೆಯಲ್ಲಿ ಉರಿದುಹೋಗುತ್ತದೆ. ಆ ವಿಧಾನ ಸಾದಾ ಉಕ್ಕಿಗೆ ಒಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂಗಳ ಮೇಲ್ಮೈಯಲ್ಲಿ ಕೂರುವ ಆಕ್ಸೈಡು ಸುಲಭವಾಗಿ ಕರಗದ ಕಾರಣ ಅವಕ್ಕೆ ಒಗ್ಗುವುದಿಲ್ಲ. ಪ್ಲಾಸ್ಮಾ ಲೋಹವನ್ನು ಉರಿಸುವುದಕ್ಕಿಂತ ಕರಗಿಸುವುದನ್ನು ನೆಚ್ಚಿಕೊಂಡದ್ದರಿಂದ ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಕತ್ತರಿಸಬಲ್ಲದು. ಮೊದಲೇ ಕಾಯಿಸಿಕೊಳ್ಳುವ ಅಗತ್ಯವಿಲ್ಲ, ತೆಳುವಾದ ತಗಡು ಸೊಟ್ಟಗಾಗುವುದು ಕಡಿಮೆ, ಸಿಲಿಂಡರ್ ಹೊತ್ತು ತಿರುಗಬೇಕಿಲ್ಲ. ದಪ್ಪ ಪ್ಲೇಟುಗಳಲ್ಲಿ ಮಾತ್ರ ಗ್ಯಾಸ್ ಕಟಿಂಗ್ ತನ್ನ ಜಾಗವನ್ನು ಉಳಿಸಿಕೊಂಡಿದೆ.

45 ಆಂಪಿಯರಿನ ಯಂತ್ರ ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರ್ ದಪ್ಪದ ಉಕ್ಕನ್ನು ಅಂಚಿನಿಂದ ಅಚ್ಚುಕಟ್ಟಾಗಿ ಕತ್ತರಿಸುತ್ತದೆ. ಪ್ಲೇಟಿನ ನಡುವೆ ತೂತು ಕೊರೆದು ಆರಂಭಿಸಬೇಕಾದಾಗ ಈ ಮಿತಿ ಇನ್ನೂ ಇಳಿಯುತ್ತದೆ, ಏಕೆಂದರೆ ಚಿಮ್ಮುವ ಕರಗಿದ ಲೋಹ ನಾಜಲಿಗೇ ಬಡಿಯುತ್ತದೆ.

ಚರಿತ್ರೆ

ಅಯಾನುಗೊಂಡ ಅನಿಲಕ್ಕೆ ಪ್ಲಾಸ್ಮಾ ಎಂಬ ಹೆಸರನ್ನು ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್ಮ್ಯೂರ್ 1928ರಲ್ಲಿ ಬಳಕೆಗೆ ತಂದರು. ಚಾಪವನ್ನು ನಾಜಲಿನಲ್ಲಿ ಹಿಂಡಿ ಕತ್ತರಿಸುವ ಟಾರ್ಚಿಗೆ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಲಿಂಡೆ ವಿಭಾಗದ ರಾಬರ್ಟ್ ಗೇಜ್ ಅವರಿಗೆ 1957ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಆರಂಭದ ಯಂತ್ರಗಳು ಆರ್ಗಾನ್, ಹೈಡ್ರೋಜನ್, ನೈಟ್ರೋಜನ್ ಅನಿಲಗಳನ್ನು ಬಳಸುತ್ತಿದ್ದವು. ಅವನ್ನು ದೊಡ್ಡ ಕಾರ್ಖಾನೆಗಳು ಮಾತ್ರ ಕೊಳ್ಳಬಹುದಾಗಿತ್ತು. 1968ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದ ಹೈಪರ್‌ಥರ್ಮ್ ಸಂಸ್ಥೆ ನಾಜಲಿನೊಳಗೆ ನೀರು ಹಾಯಿಸಿ ಚಾಪವನ್ನು ಇನ್ನಷ್ಟು ಹಿಂಡುವ ವಿಧಾನ ತಂದಿತು.

ಯಂತ್ರ ಚಿಕ್ಕದಾಗಲು ಎರಡು ಬದಲಾವಣೆಗಳು ಕಾರಣ. ಮೊದಲನೆಯದು, ಸಿಲಿಂಡರ್ ಅನಿಲದ ಬದಲು ಸಾದಾ ಗಾಳಿ. ಟಂಗ್‌ಸ್ಟನ್ ಎಲೆಕ್ಟ್ರೋಡ್ ಗಾಳಿಯ ಆಮ್ಲಜನಕದಲ್ಲಿ ಬೇಗನೆ ಸವೆದುಹೋಗುತ್ತದೆ. ತಾಮ್ರದ ಎಲೆಕ್ಟ್ರೋಡಿನ ತುದಿಯಲ್ಲಿ ಜಿರ್ಕೋನಿಯಂ ಅಥವಾ ಹ್ಯಾಫ್ನಿಯಂನ ಚಿಕ್ಕ ತುಣುಕು ಕೂರಿಸಿದಾಗ ಈ ತೊಡಕು ಬಗೆಹರಿಯಿತು. ಗಾಳಿಯನ್ನು ಕಂಪ್ರೆಸರಿನಿಂದ ಎಲ್ಲಿ ಬೇಕಾದರೂ ಪಡೆಯಬಹುದಾದ್ದರಿಂದ ಯಂತ್ರ ಕಾರ್ಖಾನೆಯ ಹೊರಗೆ ಕಾಲಿಟ್ಟಿತು.

ಎರಡನೆಯದು ಇನ್ವರ್ಟರ್. ಹಳೆಯ ಯಂತ್ರಗಳ ಟ್ರಾನ್ಸ್‌ಫಾರ್ಮರ್ ಮನೆಗೆ ಬರುವ ವಿದ್ಯುತ್ತಿನ 50 ಹರ್ಟ್ಸ್ ಆವರ್ತದಲ್ಲೇ ಕೆಲಸ ಮಾಡುತ್ತಿತ್ತು. ಆವರ್ತ ಕಡಿಮೆಯಿದ್ದಷ್ಟೂ ಅಷ್ಟೇ ಶಕ್ತಿಯನ್ನು ಸಾಗಿಸಲು ದೊಡ್ಡ ಕಬ್ಬಿಣದ ತಿರುಳು ಬೇಕು. ಇನ್ವರ್ಟರ್ ಯಂತ್ರ ಮೊದಲು ವಿದ್ಯುತ್ತನ್ನು ನೇರ ಪ್ರವಾಹವಾಗಿಸಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು, ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತದೆ. ಹೀಗೆ ಕಡಿಯುವ ಸ್ವಿಚ್ಚು ಐಜಿಬಿಟಿ ಎಂಬ ಅರೆವಾಹಕ ಸಾಧನ. 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿ ಬಳಕೆಗೆ ತಂದವರು ಬಂಟ್ವಾಳ ಜಯಂತ ಬಾಳಿಗಾ. ಅವರು ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಶಾಲೆ ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಪದವಿ ಮದ್ರಾಸ್ ಐಐಟಿಯಲ್ಲಿ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಮ್ ಟೆಕ್ನಾಲಜಿ ಪ್ರಶಸ್ತಿ ಸಂದಿತು. ಇಂದು ಕೈಯಲ್ಲಿ ಎತ್ತಿಕೊಂಡು ಹೋಗುವ ಪ್ಲಾಸ್ಮಾ ಯಂತ್ರಗಳು, ವೆಲ್ಡಿಂಗ್ ಯಂತ್ರಗಳು ಬಹುಪಾಲು ಈ ಸಾಧನದ ಬಲದಿಂದಲೇ ಹಗುರವಾಗಿವೆ.

ಬಗೆಗಳು

*ಕೈಯಂತ್ರ:* ವಿದ್ಯುತ್ ಪೆಟ್ಟಿಗೆ, ಕೈಟಾರ್ಚ್, ಅರ್ಥ್ ಕ್ಲ್ಯಾಂಪ್ ಇಷ್ಟೇ ಇರುವ ಸರಳ ಬಗೆ. 30 ಆಂಪಿಯರಿನ ಆಸುಪಾಸಿನ ಕೆಲವು ಮಾದರಿಗಳಲ್ಲಿ ಕಂಪ್ರೆಸರ್ ಪೆಟ್ಟಿಗೆಯೊಳಗೇ ಇರುತ್ತದೆ.

*ಹಳಿಗಾಡಿ:* ಪ್ಲೇಟಿನ ಮೇಲೆ ಇಟ್ಟ ಹಳಿಯುದ್ದಕ್ಕೂ ಮೋಟರಿನಿಂದ ಓಡುವ ಚಿಕ್ಕ ಗಾಡಿಗೆ ಟಾರ್ಚ್ ಕಟ್ಟಿರುತ್ತದೆ. ನಮ್ಮ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ‘ಪಗ್ ಕಟಿಂಗ್ ಮಷೀನ್’ ಎಂದು ಕರೆಯುವ ಗ್ಯಾಸ್ ಗಾಡಿಯ ಪ್ಲಾಸ್ಮಾ ರೂಪವಿದು. ಉದ್ದನೆಯ ನೇರ ಕತ್ತರಿಕೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಪೈಪಿನ ಸುತ್ತ ಸರಪಳಿ ಅಥವಾ ಅಯಸ್ಕಾಂತದ ಹಿಡಿತದಲ್ಲಿ ತಿರುಗುವ ಗಾಡಿಗಳೂ ಇವೆ.

*ಸಿಎನ್‌ಸಿ ಯಂತ್ರ:* ಕಂಪ್ಯೂಟರ್ ನಿಯಂತ್ರಣದಲ್ಲಿ ಟಾರ್ಚು ಎರಡು ದಿಕ್ಕಿನಲ್ಲಿ ಚಲಿಸಿ ಯಾವ ಆಕಾರವನ್ನಾದರೂ ಕತ್ತರಿಸುತ್ತದೆ. ಒಂದೇ ಹಳಿಯ ಮೇಲೆ ತೋಳು ಚಾಚಿ ಓಡುವ ಮಾದರಿ ಒಂದು. ಮೇಜಿನ ಎರಡೂ ಬದಿಯ ಹಳಿಗಳ ಮೇಲೆ ಸೇತುವೆಯಂತಹ ಅಡ್ಡತೊಲೆ ಓಡುವ ಗ್ಯಾಂಟ್ರಿ ಮಾದರಿ ಇನ್ನೊಂದು. ಮೊದಲನೆಯದು ಬೇಗ ಬಿಚ್ಚಿಕೊಳ್ಳುತ್ತದೆ, ಆದರೆ ತೋಳಿನ ತುದಿ ಬಾಗುತ್ತದೆ. ಎರಡನೆಯದು ಗಟ್ಟಿ, ಆದರೆ ಸಾಗಣೆಗೆ ತೊಡಕು. ಮಾರ್ಪಾಡಿನ ಹೆಚ್ಚಿನ ಪ್ರಶ್ನೆಗಳು ಏಳುವುದು ಇಲ್ಲಿಯೇ.

ಮನುಷ್ಯ ಹತ್ತಿರ ಹೋಗಲಾಗದ ಕಡೆಗೂ ಪ್ಲಾಸ್ಮಾ ಟಾರ್ಚನ್ನು ಒಯ್ದಿದ್ದಾರೆ. ಅಮೆರಿಕದ ಮಿನೆಸೋಟ ರಾಜ್ಯದ ಎಲ್ಕ್ ರಿವರ್ ಪರಮಾಣು ಸ್ಥಾವರವನ್ನು 1970ರ ದಶಕದ ಆರಂಭದಲ್ಲಿ ಕಳಚುವಾಗ, ರಿಯಾಕ್ಟರಿನ ಉಕ್ಕಿನ ಪಾತ್ರೆಯನ್ನು ದೂರದಿಂದ ನಿಯಂತ್ರಿಸುವ ಪ್ಲಾಸ್ಮಾ ಟಾರ್ಚಿನಿಂದ ತುಂಡರಿಸಲಾಯಿತು.

ತೂಕ ಎಲ್ಲಿದೆ?

ಮಾರ್ಪಾಡಿಗೆ ಕೈ ಹಾಕುವ ಮೊದಲು ತೂಕದ ಲೆಕ್ಕ ಹಾಕಬೇಕು. 45 ಆಂಪಿಯರಿನ ಇನ್ವರ್ಟರ್ ಪೆಟ್ಟಿಗೆ ಇಪ್ಪತ್ತು ಕಿಲೋ ದಾಟದೆ ಸಿಗುತ್ತದೆ. ಆದರೆ 1250 × 2500 ಮಿಲಿಮೀಟರ್ ಅಳತೆಯ 6 ಮಿಲಿಮೀಟರ್ ಉಕ್ಕಿನ ಪ್ಲೇಟು ಸುಮಾರು 147 ಕಿಲೋ ತೂಗುತ್ತದೆ. ಹೊಗೆ, ಕಿಡಿ ಹಿಡಿಯಲು ಪ್ಲೇಟಿನ ಕೆಳಗೆ ಇಡುವ 1250 ಮಿಲಿಮೀಟರ್ ಚೌಕದ ತೊಟ್ಟಿಯಲ್ಲಿ 100 ಮಿಲಿಮೀಟರ್ ನೀರು ನಿಲ್ಲಿಸಿದರೆ ಅದೊಂದೇ 156 ಕಿಲೋ. ಟಾರ್ಚು ಮತ್ತು ಅದನ್ನು ಹೊತ್ತ ಗಾಡಿ ಕೆಲವೇ ಕಿಲೋ.

ಹೊರೆ ಹೊರುವುದು ಮೇಜು ಮತ್ತು ತೊಟ್ಟಿ. ನಿಖರತೆ ನೀಡುವುದು ಹಳಿ ಮತ್ತು ಅಡ್ಡತೊಲೆ. ಇವೆರಡನ್ನೂ ಒಂದೇ ಚೌಕಟ್ಟಿಗೆ ಬೆಸೆದಾಗ, ಹೊರೆಯಿಂದ ಬಾಗಿದ ಮೇಜು ಹಳಿಯನ್ನೂ ಬಾಗಿಸುತ್ತದೆ, ಹಳಿಯ ನಿಖರತೆ ಕಾಪಾಡಲು ಇಡೀ ಮೇಜನ್ನೇ ಭಾರವಾಗಿ ಕಟ್ಟಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿದರೆ ಹಳಿಯ ಚೌಕಟ್ಟನ್ನು ಹಗುರವಾದ ಅಲ್ಯೂಮಿನಿಯಂನಲ್ಲಿ ಕಟ್ಟಬಹುದು. ಪ್ಲೇಟನ್ನು ಹೊರುವ ಸ್ಟ್ಯಾಂಡನ್ನು ಸಾದಾ ಉಕ್ಕಿನ ಆಂಗ್ಲಿನಿಂದ ಮಾಡಿ, ಕೆಲಸದ ಜಾಗದಲ್ಲೇ ಬಿಡಬಹುದು. ಕೆಲವು ಸಲ ಸ್ಟ್ಯಾಂಡನ್ನೂ ಕೈಬಿಟ್ಟು ಹಳಿಯನ್ನು ನೇರವಾಗಿ ಪ್ಲೇಟಿನ ಮೇಲೇ ಇಡುವುದುಂಟು. ಹೊರೆಯನ್ನೂ ನಿಖರತೆಯನ್ನೂ ಹೀಗೆ ಬೇರೆ ಮಾಡುವುದೇ ಒಳ್ಳೆಯ ಮಾರ್ಪಾಡಿನ ಮೊದಲ ಹೆಜ್ಜೆ.

ಕತ್ತರಿಸುವಾಗ ಟಾರ್ಚು ಲೋಹವನ್ನು ಮುಟ್ಟುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿರುವಂತೆ ಉಳಿಯ ಒತ್ತಡ ಇಲ್ಲಿಲ್ಲ. ಅಡ್ಡತೊಲೆ ತನ್ನ ತೂಕವನ್ನೂ ತಿರುವಿನಲ್ಲಿ ಬರುವ ಜಗ್ಗುವಿಕೆಯನ್ನೂ ತಾಳಿದರೆ ಸಾಕು. ಆದ್ದರಿಂದ ಚಲಿಸುವ ಭಾಗಗಳನ್ನು ಹಗುರ ಮಾಡಿದರೆ ಸಾಗಣೆಯಷ್ಟೇ ಅಲ್ಲ, ಕತ್ತರಿಕೆಯ ಮೂಲೆಗಳೂ ಚೊಕ್ಕಟವಾಗುತ್ತವೆ.

ಚೌಕಟ್ಟಿನ ಮಾರ್ಪಾಡು

ನಮ್ಮಲ್ಲಿ ಇಂಥ ಯಂತ್ರಗಳು ಹೆಚ್ಚಾಗಿ ಟಾಟಾ ಏಸ್‌ನಂಥ ಸಣ್ಣ ಗಾಡಿಗಳಲ್ಲಿ ಸಾಗುತ್ತವೆ. ಅವುಗಳ ಹಿಂಭಾಗದ ಅಗಲ ಒಂದೂವರೆ ಮೀಟರಿನ ಆಸುಪಾಸು. 1250 ಮಿಲಿಮೀಟರ್ ಚೌಕವನ್ನು ಕತ್ತರಿಸುವ ಯಂತ್ರದ ಹೊರ ಅಳತೆ ಹಳಿ, ಮೋಟರು ಸೇರಿ ಅದನ್ನು ಮುಟ್ಟುತ್ತದೆ ಇಲ್ಲವೆ ಮೀರುತ್ತದೆ. ಹಾಗಾಗಿ ಮೇಜನ್ನು ಮಡಚಬೇಕು, ಬಿಚ್ಚಬೇಕು ಅಥವಾ ಒಂದು ಮಗ್ಗುಲಿಗೆ ನಿಲ್ಲಿಸಬೇಕು.

ಮಗ್ಗುಲಿಗೆ ನಿಲ್ಲಿಸುವ ವಿಧಾನ ಅತ್ಯಂತ ಸರಳ. ಮೇಜಿನ ಒಂದು ಬದಿಯ ಅಂಚಿಗೆ ಚಕ್ರಗಳನ್ನು ಹಾಕಿ, ಕಾಲುಗಳನ್ನು ಒಳಕ್ಕೆ ಮಡಚಿ, ಇಡೀ ಚೌಕಟ್ಟನ್ನು ಎತ್ತಿ ನಿಲ್ಲಿಸಿ ತಳ್ಳಿಕೊಂಡು ಹೋಗಬಹುದು. ಯಾವ ಭಾಗವನ್ನೂ ಕಳಚದ ಕಾರಣ ನಿಖರತೆ ಹೆಚ್ಚು ಕೆಡುವುದಿಲ್ಲ. ನಿಲ್ಲಿಸುವ ಮುನ್ನ ಅಡ್ಡತೊಲೆಯನ್ನು ಒಂದು ತುದಿಗೆ ತಂದು ಪಿನ್ನಿನಿಂದ ಬಿಗಿಯಬೇಕು. ಇಲ್ಲದಿದ್ದರೆ ಅದು ಜಾರಿ ಕೈಗೆ ಬಡಿಯುತ್ತದೆ, ಅದನ್ನು ಎಳೆಯುವ ಬೆಲ್ಟು ಹರಿಯುತ್ತದೆ.

ಬಿಚ್ಚುವ ವಿಧಾನದಲ್ಲಿ ಅಡ್ಡತೊಲೆ, ಎರಡು ಹಳಿ, ಕಾಲುಗಳು, ಪ್ಲೇಟು ಕೂರುವ ಜಾಲರಿ ಬೇರೆ ಬೇರೆ ಆಗುತ್ತವೆ. ಇಲ್ಲಿ ಬೋಲ್ಟನ್ನು ಬಿಗಿಯಲು ಮಾತ್ರ ಬಳಸಬೇಕು, ಜಾಗ ಗುರುತಿಸಲು ಬಳಸಬಾರದು. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ದೊಡ್ಡದು. ಪ್ರತಿ ಸಲ ಜೋಡಿಸಿದಾಗ ಭಾಗಗಳು ತುಸು ಬೇರೆ ಜಾಗದಲ್ಲಿ ಕೂರುತ್ತವೆ. ಬಿಗಿಯಾದ ಡೋವೆಲ್ ಪಿನ್ನುಗಳು ಜಾಗ ಹಿಡಿಯಬೇಕು, ಬೋಲ್ಟುಗಳು ಅದುಮಿ ಹಿಡಿಯಬೇಕು. ಸ್ಪ್ಯಾನರ್ ಬೇಕಾಗದ ಹಿಡಿಕೆ ಸ್ಕ್ರೂ ಅಥವಾ ಟಾಗಲ್ ಕ್ಲ್ಯಾಂಪ್ ಬಳಸಿದರೆ ಉಪಕರಣ ಹುಡುಕುವ ಹೊತ್ತು ಉಳಿಯುತ್ತದೆ. ಪಿನ್ನುಗಳನ್ನು ಸಣ್ಣ ಸರಪಳಿಯಿಂದ ಚೌಕಟ್ಟಿಗೇ ಕಟ್ಟಿದರೆ ಕಳೆದುಹೋಗವು.

ಎರಡು ಸಮಾನಾಂತರ ಹಳಿಗಳ ನಡುವಿನ ಅಂತರ ಸ್ವಲ್ಪ ಬದಲಾದರೂ ಅಡ್ಡತೊಲೆ ಸಿಕ್ಕಿಕೊಳ್ಳುತ್ತದೆ. ಒಂದು ಬದಿಯ ಗಾಡಿಯನ್ನು ಹಳಿಗೆ ಬಿಗಿಯಾಗಿಯೂ ಇನ್ನೊಂದು ಬದಿಯ ಗಾಡಿಯನ್ನು ಅಡ್ಡಕ್ಕೆ ತುಸು ಜಾರಲು ಬಿಡುವಂತೆಯೂ ಮಾಡಿದರೆ ಈ ತೊಂದರೆ ತಪ್ಪುತ್ತದೆ. ನೆಲ ಸಮವಿಲ್ಲದ ಕಡೆ ಕೆಲಸ ಮಾಡುವ ಯಂತ್ರಕ್ಕೆ ಇದು ಅವಶ್ಯ.

ನಿಖರತೆಯನ್ನು ಮರಳಿ ಪಡೆಯುವುದು

ಮೂರು ಕಾಲಿನ ಮಣೆ ಎಂಥ ಒರಟು ನೆಲದ ಮೇಲೂ ಅಲುಗಾಡದೆ ಕೂರುತ್ತದೆ. ನಾಲ್ಕು ಕಾಲಿನದು ಅಲುಗಾಡುತ್ತದೆ. ಈ ಅನುಭವದ ಹಿಂದಿರುವ ಜ್ಯಾಮಿತಿಯನ್ನು 19ನೆಯ ಶತಮಾನದಲ್ಲಿ ಬ್ರಿಟನ್ನಿನ ಭೌತವಿಜ್ಞಾನಿಗಳಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮತ್ತು ಲಾರ್ಡ್ ಕೆಲ್ವಿನ್ ವೈಜ್ಞಾನಿಕ ಉಪಕರಣಗಳಿಗೆ ಅನ್ವಯಿಸಿದರು. ಮ್ಯಾಕ್ಸ್‌ವೆಲ್ ಕ್ರಮದಲ್ಲಿ ಮೇಲಿನ ಭಾಗದ ಮೂರು ಗೋಲಗಳು ಕೆಳಗಿನ ಭಾಗದ ಮೂರು ‘ವಿ’ ಆಕಾರದ ತೋಡುಗಳಲ್ಲಿ ಕೂರುತ್ತವೆ. ಕೆಲ್ವಿನ್ ಕ್ರಮದಲ್ಲಿ ಒಂದು ಕುಳಿ, ಒಂದು ತೋಡು, ಒಂದು ಸಪಾಟು ಮೇಲ್ಮೈ ಇರುತ್ತವೆ. ಎರಡರಲ್ಲೂ ಮೇಲಿನ ಭಾಗವನ್ನು ಎತ್ತಿ ಮತ್ತೆ ಇಟ್ಟರೆ ಅದು ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಹಳಿಯ ಚೌಕಟ್ಟನ್ನು ಸ್ಟ್ಯಾಂಡಿನ ಮೇಲೆ ಹೀಗೆ ಮೂರೇ ಕಡೆ ಆನಿಸಿದರೆ, ಸ್ಟ್ಯಾಂಡು ಪ್ಲೇಟಿನ ಭಾರಕ್ಕೆ ತಿರುಚಿಕೊಂಡರೂ ಆ ತಿರುಚು ಹಳಿಗೆ ಏರುವುದಿಲ್ಲ.

ಮೂಲೆಮಟ್ಟ ಪರೀಕ್ಷಿಸಲು ಕರ್ಣಗಳನ್ನು ಅಳೆಯುವ ಹಳೆಯ ವಿಧಾನವೇ ಉತ್ತಮ. ಸಮಚೌಕದ ಒಂದು ಅಂಚು 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಎರಡು ಕರ್ಣಗಳ ನಡುವೆ ಸುಮಾರು 1.4 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ದೋಷ ದೊಡ್ಡದಾಗಿ ಕಾಣಿಸುವುದರಿಂದ ಹಿಡಿಯುವುದು ಸುಲಭ. ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಶಾಶ್ವತ ಗುರುತು ಕೊರೆದಿಟ್ಟರೆ ಪ್ರತಿ ಜೋಡಣೆಯ ಬಳಿಕ ಟೇಪಿನಿಂದ ಬೇಗನೆ ನೋಡಿಕೊಳ್ಳಬಹುದು. ಎರಡು ಬದಿಯಲ್ಲೂ ಮೋಟರು ಇರುವ ಯಂತ್ರಗಳಲ್ಲಿ ಪ್ರತಿ ಬದಿಗೂ ಒಂದು ಲಿಮಿಟ್ ಸ್ವಿಚ್ ಹಾಕಿದರೆ, ಚಾಲೂ ಮಾಡಿದಾಗ ಅಡ್ಡತೊಲೆ ತಾನೇ ಮೂಲೆಮಟ್ಟಕ್ಕೆ ಬರುತ್ತದೆ.

ಇಡೀ ಮೇಜು ರಸಮಟ್ಟಕ್ಕೆ ಸರಿಯಾಗಿ ಕೂರಬೇಕೆಂಬ ನಂಬಿಕೆಯಿಂದ ಬಹಳ ಹೊತ್ತು ವ್ಯರ್ಥವಾಗುತ್ತದೆ. ಕತ್ತರಿಕೆಗೆ ಬೇಕಾದದ್ದು ಟಾರ್ಚು ಮತ್ತು ಪ್ಲೇಟಿನ ನಡುವಿನ ಸಮ ಅಂತರ, ಭೂಮಿಗೆ ಸಮಾನಾಂತರವಾಗಿರುವುದಲ್ಲ. ನೀರಿನ ತೊಟ್ಟಿ ಇದ್ದಾಗ ಮಾತ್ರ ಮಟ್ಟ ನಿಜವಾಗಿ ಮುಖ್ಯ. ಟಾರ್ಚಿನ ಎತ್ತರವನ್ನು ಚಾಪದ ವೋಲ್ಟೇಜಿನಿಂದ ಅರಿತು ಸರಿಪಡಿಸುವ ವ್ಯವಸ್ಥೆಯಿದೆ. ಎತ್ತರ ಹೆಚ್ಚಾದರೆ ಚಾಪ ಉದ್ದವಾಗಿ ವೋಲ್ಟೇಜು ಏರುತ್ತದೆ. ಸುಮಾರು 5 ವೋಲ್ಟಿಗೆ ಅರ್ಧ ಮಿಲಿಮೀಟರ್ ಎಂಬುದು ರೂಢಿಯ ಲೆಕ್ಕ. 45 ಆಂಪಿಯರಿನಲ್ಲಿ ಟಾರ್ಚು ಪ್ಲೇಟಿನಿಂದ 1.5 ಮಿಲಿಮೀಟರ್ ಎತ್ತರದಲ್ಲಿ ಓಡಬೇಕಾದ್ದರಿಂದ, ಸಾಗಿಸುವ ಯಂತ್ರಕ್ಕೆ ಈ ವ್ಯವಸ್ಥೆ ಬೇಕೇ ಬೇಕು.

ಪ್ಲೇಟನ್ನು ಯಂತ್ರಕ್ಕೆ ನೇರವಾಗಿ ಸರಿಸುವುದೂ ಶ್ರಮದ ಕೆಲಸ. ಟಾರ್ಚಿನ ಪಕ್ಕ ಒಂದು ಲೇಸರ್ ಚುಕ್ಕೆ ಕೂರಿಸಿ, ಪ್ಲೇಟಿನ ಅಂಚಿನ ಎರಡು ಬಿಂದುಗಳನ್ನು ಗುರುತಿಸಿದರೆ ನಿಯಂತ್ರಕವೇ ಕೋನ ಲೆಕ್ಕ ಹಾಕಿ ಇಡೀ ನಕ್ಷೆಯನ್ನು ಅಷ್ಟು ತಿರುಗಿಸುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಯೋಜನೆಯೊಂದರಿಂದ ಬೆಳೆದು ಈಗ ಮುಕ್ತವಾಗಿ ಸಿಗುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶದ ಪ್ಲಾಸ್ಮಾ ಆವೃತ್ತಿಯಲ್ಲಿ ಈ ಸೌಲಭ್ಯವಿದೆ. 147 ಕಿಲೋ ಪ್ಲೇಟನ್ನು ಸನ್ನೆಕೋಲಿನಿಂದ ನೂಕುವ ಬದಲು ನಕ್ಷೆಯನ್ನು ತಿರುಗಿಸುವುದರಿಂದ ಬೆನ್ನೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

ನೀರಿನ ತೊಟ್ಟಿ

ಪ್ಲೇಟಿನ ಕೆಳಗಿನ ನೀರು ಹೊಗೆ, ಕಿಡಿ, ಕಿಟ್ಟಗಳನ್ನು ಹಿಡಿಯುತ್ತದೆ. ಸಾಗಿಸುವ ಯಂತ್ರದಲ್ಲಿ ತೊಟ್ಟಿ ಆಳವಿಲ್ಲದ್ದಾಗಿ, ಹೊರಗೆ ಎಳೆಯಬಹುದಾದದ್ದಾಗಿ, ಎರಡು ಅಥವಾ ಹೆಚ್ಚು ಭಾಗಗಳಾಗಿ ಇದ್ದರೆ ಒಳ್ಳೆಯದು. ಅತಿ ತಗ್ಗಿನ ಮೂಲೆಯಲ್ಲಿ ದೊಡ್ಡ ಬಾಯಿಯ ಕವಾಟವಿರಬೇಕು. ಚಿಕ್ಕ ಬಾಯಿಯನ್ನು ಕಿಟ್ಟ ಕಟ್ಟಿಬಿಡುತ್ತದೆ. ನೀರು ತುಂಬಿದ ತೊಟ್ಟಿಯನ್ನು ಗಾಡಿಗೆ ಏರಿಸಬಾರದು: ಓಲಾಡುವ ನೀರಿನಿಂದ ಗಾಡಿಯೇ ವಾಲುತ್ತದೆ. ಕಿಟ್ಟ ತುಂಬಿದ ನೀರನ್ನು ಹೊಲಕ್ಕೆ, ಚರಂಡಿಗೆ ಬಿಡದೆ ತಿಳಿಯಾಗಲು ಬಿಟ್ಟು, ಕೆಸರನ್ನು ಬೇರೆ ವಿಲೇವಾರಿ ಮಾಡಬೇಕು.

ಅಲ್ಯೂಮಿನಿಯಂ ಕತ್ತರಿಸುವಾಗ ವಿಶೇಷ ಅಪಾಯವಿದೆ. ಕರಗಿದ ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಅದು ಪ್ಲೇಟಿನ ಕೆಳಗೆ ಸಿಕ್ಕಿಕೊಂಡರೆ ಸ್ಫೋಟವಾಗಬಹುದು. ಅಲ್ಯೂಮಿನಿಯಂ ಕೆಲಸಕ್ಕೆ ತೊಟ್ಟಿಯ ನೀರು ತೆಗೆದು, ಹೊಗೆ ಎಳೆಯುವ ಫ್ಯಾನ್ ಬಳಸುವುದು ಕ್ಷೇಮ.

ವಿದ್ಯುತ್ತು

ಕತ್ತರಿಸುವ ಚಾಪದ ವೋಲ್ಟೇಜು 130ರಿಂದ 145ರ ಸುಮಾರು ಇದ್ದರೆ 45 ಆಂಪಿಯರಿನ ಯಂತ್ರ ಆರು ಕಿಲೋವ್ಯಾಟಿನಷ್ಟು ಶಕ್ತಿ ಹೊರಕ್ಕೆ ಕೊಡುತ್ತದೆ. 230 ವೋಲ್ಟಿನ ಸಿಂಗಲ್ ಫೇಸಿನಿಂದ ಇದಕ್ಕಾಗಿ ಮೂವತ್ತು ಆಂಪಿಯರಿನಷ್ಟು ಎಳೆಯುತ್ತದೆ. ಮನೆಯ 16 ಆಂಪಿಯರ್ ಸಾಕೆಟ್ಟು ಇದನ್ನು ತಾಳದು. ಥ್ರೀ ಫೇಸ್ ಸಂಪರ್ಕ ಇರುವಲ್ಲಿ ಅದಕ್ಕೆ ಹೊಂದುವ ಯಂತ್ರ ಆರಿಸಿಕೊಂಡರೆ ಒಂದೊಂದು ತಂತಿಯ ಹೊರೆ ಇಳಿಯುತ್ತದೆ.

ಎಕ್ಸ್‌ಟೆನ್ಷನ್ ಕೇಬಲ್ಲಿನ ದಪ್ಪದ ಕಡೆ ಗಮನ ಕೊಡದವರೇ ಹೆಚ್ಚು. 30 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ 30 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲಿ ಸುಮಾರು 14 ವೋಲ್ಟ್ ಕಳೆದುಹೋಗುತ್ತದೆ, ಕೇಬಲ್ಲು ಅಪಾಯಕರವಾಗಿ ಕಾಯುತ್ತದೆ. 6 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ ನಷ್ಟ 6 ವೋಲ್ಟಿಗೆ ಇಳಿಯುತ್ತದೆ. ಉದ್ದನೆಯ ಕೇಬಲ್ಲನ್ನು ಡ್ರಮ್ಮಿಗೆ ಸುತ್ತಿಟ್ಟೇ ಬಳಸಬಾರದು. ಸುರುಳಿಯೊಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗುತ್ತದೆ. ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಮೊದಲೇ ಇಳಿದಿದ್ದರೆ ಈ ನಷ್ಟವೇ ಯಂತ್ರ ನಿಲ್ಲಲು ಸಾಕು.

ಜನರೇಟರಿನಿಂದ ನಡೆಸುವಾಗ ಈ ಗಾತ್ರದ ಯಂತ್ರಕ್ಕೆ 10 ಕೆವಿಎ ಇಲ್ಲವೆ ಹೆಚ್ಚಿನದು ಬೇಕು. ಕಂಪ್ರೆಸರಿನ ಹೊರೆ ಬೇರೆ. ಕಂಪ್ರೆಸರಿನ ಮೋಟರು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಪ್ರವಾಹ ಎಳೆಯುವುದರಿಂದ, ಅದನ್ನು ಮೊದಲು ಚಾಲೂ ಮಾಡಿ, ಅದರ ಓಟ ಸ್ಥಿರವಾದ ಮೇಲೆ ಪ್ಲಾಸ್ಮಾ ಹೊತ್ತಿಸಬೇಕು.

ಯಂತ್ರದ ಫಲಕದಲ್ಲಿರುವ ಡ್ಯೂಟಿ ಸೈಕಲ್ ಅಂಕಿಯನ್ನು ಅಂತಾರಾಷ್ಟ್ರೀಯ ಮಾನಕ ಐಇಸಿ 60974-1ರ ಪ್ರಕಾರ 40 ಡಿಗ್ರಿ ತಾಪದಲ್ಲಿ, ಹತ್ತು ನಿಮಿಷದ ಅವಧಿಗೆ ಲೆಕ್ಕ ಹಾಕಿರುತ್ತಾರೆ. ಶೇಕಡಾ 50 ಎಂದರೆ ಹತ್ತು ನಿಮಿಷದಲ್ಲಿ ಐದು ನಿಮಿಷ ಕತ್ತರಿಕೆ, ಐದು ನಿಮಿಷ ವಿರಾಮ. ಕಲಬುರಗಿ, ರಾಯಚೂರುಗಳ ಬೇಸಿಗೆ ಈ ತಾಪವನ್ನು ದಾಟುತ್ತದೆ. ಅಲ್ಲಿ ಯಂತ್ರಕ್ಕೆ ನೆರಳು ಒದಗಿಸಿ, ವಿರಾಮ ಹೆಚ್ಚಿಸಬೇಕು.

ಗಾಳಿ

45 ಆಂಪಿಯರಿನ ಟಾರ್ಚು ಆರು ಬಾರ್ ಒತ್ತಡದ ಸುಮಾರಿನಲ್ಲಿ ನಿಮಿಷಕ್ಕೆ ಸುಮಾರು 190 ಲೀಟರ್ ಗಾಳಿ ಕೇಳುತ್ತದೆ. ಕಂಪ್ರೆಸರ್ ಕೊಳ್ಳುವಾಗ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಅಂಕಿಯನ್ನು ನೋಡದೆ, ಒತ್ತಡದಲ್ಲಿ ನಿಜವಾಗಿ ಹೊರಬರುವ ಗಾಳಿಯ ಅಂಕಿ ನೋಡಬೇಕು. ಟ್ಯಾಂಕು ದೊಡ್ಡದಿದ್ದ ಮಾತ್ರಕ್ಕೆ ಚಿಕ್ಕ ಪಂಪಿನ ಕೊರತೆ ತುಂಬದು. ಉದ್ದದ ಕತ್ತರಿಕೆಯ ನಡುವೆ ಒತ್ತಡ ಇಳಿದು ನಾಜಲು ಸುಡುತ್ತದೆ.

ಗಾಳಿಯಲ್ಲಿನ ತೇವ ಮತ್ತು ಎಣ್ಣೆ ಟಾರ್ಚಿನ ಸವೆಯುವ ಬಿಡಿಭಾಗಗಳ ಶತ್ರು. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ನೀರು ಬೇಗ ಕೂಡುತ್ತದೆ. ಕಂಪ್ರೆಸರಿನಿಂದ ಹೊರಟ ಬಿಸಿ ಗಾಳಿಯನ್ನು ಮೊದಲು ತಣಿಸಿ, ನಂತರ ನೀರು ಬೇರ್ಪಡಿಸುವ ಫಿಲ್ಟರಿಗೆ ಹಾಯಿಸಬೇಕು; ಬಿಸಿಯಾಗಿರುವಾಗ ಆವಿಯನ್ನು ಫಿಲ್ಟರು ಹಿಡಿಯಲಾರದು. ಸಾಗಿಸುವ ಯಂತ್ರಕ್ಕೆ ಕೂಲಿಂಗ್ ಸುರುಳಿ, ಫಿಲ್ಟರ್, ಡ್ರೈಯರ್, ಒತ್ತಡದ ಗೇಜು ಎಲ್ಲವನ್ನೂ ಒಂದೇ ಹಲಗೆಗೆ ಬಿಗಿದು, ಎರಡು ತುದಿಗೆ ಕ್ವಿಕ್ ಕಪ್ಲರ್ ಹಾಕಿದರೆ ಜೋಡಣೆ ಒಂದೇ ಕೆಲಸವಾಗುತ್ತದೆ. ಸಾಗಣೆಗೆ ಮುನ್ನ ಟ್ಯಾಂಕಿನ ಒತ್ತಡವನ್ನು ಪೂರ್ತಿ ಬಿಟ್ಟು, ನೀರು ಬಸಿಯಬೇಕು.

ಕೇಬಲ್, ಅರ್ಥಿಂಗ್ ಮತ್ತು ವಿದ್ಯುತ್ ಗದ್ದಲ

ಪ್ಲಾಸ್ಮಾ ಚಾಪ ಹೊತ್ತುವಾಗ ವಿದ್ಯುತ್ ಗದ್ದಲ ಎಬ್ಬಿಸುತ್ತದೆ. ಅಧಿಕ ಆವರ್ತದ ಕಿಡಿಯಿಂದ ಹೊತ್ತಿಸುವ ಯಂತ್ರಗಳಲ್ಲಿ ಅದು ಇನ್ನೂ ಜೋರು; ಹತ್ತಿರದ ಕಂಪ್ಯೂಟರನ್ನು ನಿಲ್ಲಿಸಿಬಿಡಬಲ್ಲದು. ಎಲೆಕ್ಟ್ರೋಡನ್ನು ಗಾಳಿಯ ಒತ್ತಡದಿಂದ ಹಿಂದಕ್ಕೆ ಸರಿಸಿ ಹೊತ್ತಿಸುವ ಬಗೆಯ ಟಾರ್ಚು ಸಿಎನ್‌ಸಿಗೆ ಹೆಚ್ಚು ಒಗ್ಗುತ್ತದೆ. ಟಾರ್ಚಿನ ಕೇಬಲ್ಲನ್ನೂ ಮೋಟರ್, ಸ್ವಿಚ್ಚುಗಳ ತಂತಿಗಳನ್ನೂ ಒಂದೇ ಕಟ್ಟಿನಲ್ಲಿ ಬಿಗಿಯಬಾರದು. ಜೋಡಣೆ ಸುಲಭವಾಗಲೆಂದು ಎಲ್ಲವನ್ನೂ ಒಂದೇ ಹೊದಿಕೆಯಲ್ಲಿ ತುಂಬಿದವರಿಗೆ ಯಂತ್ರ ಅಕಾರಣವಾಗಿ ದಾರಿ ತಪ್ಪುವ ಸಮಸ್ಯೆ ಎದುರಾಗುತ್ತದೆ.

ಅರ್ಥ್ ಕ್ಲ್ಯಾಂಪನ್ನು ಆದಷ್ಟು ಮಟ್ಟಿಗೆ ಕತ್ತರಿಸುವ ಪ್ಲೇಟಿಗೇ ಹಾಕಬೇಕು; ತುಕ್ಕು, ಬಣ್ಣ ಕೆರೆದು ಹಾಕಬೇಕು. ಚೌಕಟ್ಟು, ನಿಯಂತ್ರಕದ ಪೆಟ್ಟಿಗೆ, ಮೇಜುಗಳ ಅರ್ಥ್ ತಂತಿಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಿ, ಅಲ್ಲಿಂದ ನೆಲಕ್ಕೆ ಹೊಡೆದ ರಾಡಿಗೆ ಹೋಗಬೇಕು. ಗಾಡಿಯ ಮೇಲಿಟ್ಟೇ ಯಂತ್ರ ನಡೆಸುವಾಗ ರಬ್ಬರ್ ಟೈರುಗಳು ನೆಲದ ಸಂಪರ್ಕ ತಪ್ಪಿಸುತ್ತವೆ. ಅಲ್ಲಿ ರಾಡನ್ನು ಮರೆಯಬಾರದು.

ಕನೆಕ್ಟರುಗಳು ಪಿನ್ನಿನ ಸಂಖ್ಯೆಯಲ್ಲೋ ಗಾತ್ರದಲ್ಲೋ ಬೇರೆ ಬೇರೆಯಾಗಿದ್ದರೆ ಒಂದರ ಜಾಗಕ್ಕೆ ಇನ್ನೊಂದನ್ನು ಚುಚ್ಚುವ ಸಂಭವವೇ ಇರದು. ಸಂಜೆಗತ್ತಲಲ್ಲಿ, ಮಳೆಯಲ್ಲಿ, ಹೊಸ ಹುಡುಗನೊಬ್ಬ ಜೋಡಿಸಿದರೂ ತಪ್ಪಾಗದಂತಿರಬೇಕು. ಸ್ಟೆಪ್ಪರ್ ಮೋಟರಿನ ಕನೆಕ್ಟರನ್ನು ವಿದ್ಯುತ್ ಇರುವಾಗ ಕಿತ್ತರೆ ಅದರ ಡ್ರೈವರ್ ಸುಟ್ಟುಹೋಗಬಹುದು. ಆದ್ದರಿಂದ ಬೀಗವಿರುವ ಕನೆಕ್ಟರ್ ಬೇಕು.

ಮುಟ್ಟಬಾರದ ಭಾಗಗಳು

ಸಾಗಣೆಯ ಅನುಕೂಲಕ್ಕಾಗಿ ಬದಲಿಸಬಾರದ ಸಂಗತಿಗಳೂ ಇವೆ. ಪ್ಲಾಸ್ಮಾ ಪೆಟ್ಟಿಗೆಯ ಖಾಲಿ ವೋಲ್ಟೇಜು ವೆಲ್ಡಿಂಗ್ ಯಂತ್ರಕ್ಕಿಂತ ಬಹಳ ಹೆಚ್ಚು. ಹಲವು ಯಂತ್ರಗಳಲ್ಲಿ ನೇರ ಪ್ರವಾಹದ 250 ವೋಲ್ಟ್ ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹಿಡಿಕೆ, ಚಕ್ರ ಹಾಕಲು ಪೆಟ್ಟಿಗೆಯ ಹೊದಿಕೆಗೆ ತೂತು ಕೊರೆಯಬಾರದು. ಲೋಹದ ಪುಡಿ ಒಳಗೆ ಬೀಳುತ್ತದೆ, ಗಾಳಿಯಾಡುವ ದಾರಿ ಕೆಡುತ್ತದೆ, ಮಳೆಹನಿಯಿಂದ ಸಿಗುವ ರಕ್ಷಣೆ ಹೋಗುತ್ತದೆ. ಪೆಟ್ಟಿಗೆಯನ್ನು ಹಾಗೆಯೇ ಕೂರಿಸಿ ಬೆಲ್ಟಿನಿಂದ ಬಿಗಿಯುವ ತೊಟ್ಟಿಲು ಕಟ್ಟುವುದು ಸರಿಯಾದ ದಾರಿ.

ಟಾರ್ಚಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಯಂತ್ರ ಹೊತ್ತದಂತೆ ತಡೆಯುವ ಸ್ವಿಚ್ಚು, ತಾಪ ಹೆಚ್ಚಾದಾಗ ನಿಲ್ಲಿಸುವ ಸ್ವಿಚ್ಚು, ಕಂಪ್ರೆಸರಿನ ಸುರಕ್ಷಾ ಕವಾಟ ಇವನ್ನು ತಪ್ಪಿಸಿ ಕೆಲಸ ಮಾಡುವುದು ಪ್ರಾಣಕ್ಕೆ ಎರವಾಗುತ್ತದೆ. ಟಾರ್ಚಿನ ಕೇಬಲ್ಲನ್ನು ಕತ್ತರಿಸಿ ಉದ್ದ ಮಾಡಬಾರದು. ಬೇಕಾದ ಉದ್ದದ ಕೇಬಲ್ಲನ್ನೇ ತರಿಸಬೇಕು.

ಚಾಪದ ನೇರಳಾತೀತ ಬೆಳಕಿಗೆ 40ರಿಂದ 60 ಆಂಪಿಯರಿಗೆ ಕನಿಷ್ಠ 6ನೆಯ, 60ರಿಂದ 80 ಆಂಪಿಯರಿಗೆ 8ನೆಯ ಛಾಯೆಯ ಗಾಜು ಬೇಕು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಆರು ವೇಲೆನ್ಸಿಯ ಕ್ರೋಮಿಯಂ ಇರುತ್ತದೆ. ಸತು ಲೇಪಿತ ತಗಡಿನ ಹೊಗೆಯಿಂದ ಜ್ವರ ಬರುತ್ತದೆ. ಕಿಡಿಗಳು ಹತ್ತು ಮೀಟರಿಗೂ ಮೀರಿ ಹಾರಬಲ್ಲವು. ಹೊಸ ಜಾಗದಲ್ಲಿ ಯಂತ್ರ ಹೂಡುವಾಗ ಸುತ್ತ ಒಣಹುಲ್ಲು, ಎಣ್ಣೆ, ಚಿಂದಿ ಇಲ್ಲದಂತೆ ನೋಡಿಕೊಳ್ಳಬೇಕು. ಮುಚ್ಚಿದ ಡ್ರಮ್ಮನ್ನು ಎಂದೂ ಕತ್ತರಿಸಬಾರದು.

ಮಾರ್ಪಾಡಿನ ಪರೀಕ್ಷೆ

ಮಾರ್ಪಾಡು ಫಲಿಸಿತೇ ಎಂದು ತಿಳಿಯಲು ಶೆಡ್ಡಿನಲ್ಲಿ ಒಂದು ಪರೀಕ್ಷಾ ತುಂಡು ಕತ್ತರಿಸಬೇಕು: ಒಂದು ಚೌಕ, ಅದರ ನಡುವೆ ಒಂದು ವೃತ್ತ. ಚೌಕದ ಕರ್ಣಗಳನ್ನೂ ವೃತ್ತದ ಎರಡು ದಿಕ್ಕಿನ ವ್ಯಾಸಗಳನ್ನೂ ಅಳೆದು ಬರೆದಿಡಬೇಕು. ಬಳಿಕ ಯಂತ್ರವನ್ನು ಬಿಚ್ಚಿ, ಗಾಡಿಗೆ ಏರಿಸಿ, ಒರಟು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ, ಬೇರೊಂದು ಜಾಗದಲ್ಲಿ ಹೂಡಿ ಅದೇ ತುಂಡನ್ನು ಮತ್ತೆ ಕತ್ತರಿಸಬೇಕು. ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ಚೌಕಟ್ಟಿನ ಜೋಡಣೆಯಲ್ಲಿ ಸಡಿಲವಿದೆ. ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೆಲ್ಟು ಅಥವಾ ಗಾಡಿಯ ಚಕ್ರ ಸಡಿಲಾಗಿರಬಹುದು. ಅಂಚು ಓರೆಯಾಗಿದ್ದರೆ ಟಾರ್ಚಿನ ನೆಟ್ಟಗಿನ ನಿಲುವನ್ನು, ಅಡಿಯಲ್ಲಿ ಕಿಟ್ಟ ಹೆಚ್ಚಾಗಿದ್ದರೆ ವೇಗ, ಎತ್ತರ, ಗಾಳಿಯನ್ನು ನೋಡಬೇಕು. ಹೊಸಬನೊಬ್ಬ ಹಾಳೆಯಲ್ಲಿ ಬರೆದ ಕ್ರಮ ನೋಡಿಕೊಂಡು ಜೋಡಿಸಿದಾಗಲೂ ಎರಡು ತುಂಡುಗಳ ಅಳತೆ ಹೊಂದಿ, ಸುರಕ್ಷಾ ಸ್ವಿಚ್ಚುಗಳೆಲ್ಲ ಮೊದಲಿನಂತೆ ಕೆಲಸ ಮಾಡಿದರೆ, ಆ ಯಂತ್ರವನ್ನು ಸಾಗಿಸಬಲ್ಲ ಯಂತ್ರವೆಂದು ಧೈರ್ಯವಾಗಿ ಕೆಲಸಕ್ಕೆ ಕಳಿಸಬಹುದು.